ಟ್ರಂಕ್ ಬೋರ್ಡು ಮತ್ತು ನನ್ನ ಎಡಗಿವಿ

ಟೆಲಿಫೋನ್ ಆಪರೇಟರುಗಳಾದ ನಮಗೆ ಒಂದು ರೂಢಿಯಿತ್ತು. ಹೆಡ್‌ಸೆಟ್ಟು ಕೂರುವುದು ಒಂದೇ ಕಿವಿಗೆ. ಬಲಗಿವಿ ಕಾದು ನೋಯತೊಡಗಿದರೆ ಎಡಕ್ಕೆ ತಿರುಗಿಸಿಕೊಳ್ಳುವುದು. ಎಂಬತ್ತರ ದಶಕದಲ್ಲಿ ಧಾರವಾಡದಿಂದ ಔರಂಗಾಬಾದಿಗೆ ವರ್ಗವಾಗಿ ಬಂದ ನಾನು ಅಲ್ಲಿಯ ಟ್ರಂಕ್ ಬೋರ್ಡಿಗೆ ಕೂತು ಪರವೂರಿನ ಕರೆಗಳನ್ನು ಜೋಡಿಸುತ್ತಿದ್ದೆ. ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಒಂದು ಮಳೆಗಾಲ ನೆಗಡಿ, ಜ್ವರ ಹಿಡಿಯಿತು. ಅದರ ಬೆನ್ನಿಗೇ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಹೋದರೆ ಮನೆಯೇ ಗರಗರ ತಿರುಗಿತು. ವಾಂತಿಯೋ ವಾಂತಿ. "ಪಿತ್ತ ಆಗೇದ, ಮತ್ತೇನಿಲ್ಲ," ಎಂದು ಅತ್ತೆ ಲಿಂಬೆಹಣ್ಣಿನ ಪಾನಕ ಕುಡಿಸಿದರು. ನಾನೂ ನಂಬಿದೆ. ತಲೆಸುತ್ತು ತುಸು ಇಳಿದದ್ದೇ ಗೋಡೆ ಹಿಡಿದುಕೊಂಡು ಡ್ಯೂಟಿಗೆ ಹೋದೆ.

ಅಂದು ಹೆಡ್‌ಸೆಟ್ಟನ್ನು ಎಡಕ್ಕೆ ತಿರುಗಿಸಿದ್ದೇ ತಡ, ವೈಜಾಪುರದ ಲೈನು ಸ್ತಬ್ಧ. ಪೈಠಣ ಹಚ್ಚಿದೆ, ಅದೂ ಸ್ತಬ್ಧ. ಸಿಟ್ಟು ನೆತ್ತಿಗೇರಿತು. "ಎಲ್ಲಾ ಲೈನ್ ಹಾಳಾಗ್ಯಾವ, ಆ ಲೈನ್‌ಮನ್ ಎಲ್ಲಿ ಸತ್ತಾನ?" ಎಂದು ಕೂಗಾಡಿದೆ. ಪಕ್ಕದ ಬೋರ್ಡಿಗೆ ಕೂರುತ್ತಿದ್ದ, ನಮ್ಮ ಕಡೆಯ ವಿಜಾಪುರದ ಹುಡುಗಿ ನನ್ನ ಹೆಡ್‌ಸೆಟ್ಟು ತೆಗೆದು ತನ್ನ ಕಿವಿಗಿಟ್ಟುಕೊಂಡಳು.

"ಅಯ್ಯ, ಪೈಠಣದಾಕಿ ಒಂದ ಸವನ ಒದರ್ಲಿಕ್ಕೆ ಹತ್ಯಾಳಲ್ರೀ ಅಕ್ಕಾರ!"

ಹೆಡ್‌ಸೆಟ್ಟು ಕಸಿದು ಬಲಗಿವಿಗಿಟ್ಟುಕೊಂಡೆ. ಪೈಠಣ ಸ್ಪಷ್ಟವಾಗಿ ಕೇಳಿತು.

ಕಿವಿಯ ಡಾಕ್ಟರು ಬಿಡಿಸಿ ಹೇಳಿದರು: ಒಳಗಿವಿಗೆ ಬಾವು ಬಂದಿದೆ, ಕೇಳುವುದಕ್ಕೂ ಮೈಯ ಸಮತೋಲಕ್ಕೂ ಅದೇ ಆಧಾರ. ಓಡಾಡುತ್ತಿದ್ದರೆ ಮೆದುಳು ಹೊಂದಿಕೊಳ್ಳುತ್ತದೆ, ತಲೆಸುತ್ತು ಹೋಗುತ್ತದೆ. ಬೇಗ ಬರಬೇಕಿತ್ತು, ಎಡಗಿವಿಯ ಬಗ್ಗೆ ಮಾತು ಕೊಡಲಾರೆ.

ತಲೆಸುತ್ತು ಹೋಯಿತು. ಕಿವಿ ಬರಲಿಲ್ಲ. ಸುದ್ದಿ ತಿಳಿದ ಸೂಪರ್‌ವೈಸರು ನನ್ನನ್ನು ರೆಕಾರ್ಡ್ ರೂಮಿಗೆ ಹಾಕುವುದಾಗಿ ಹೇಳಿದರು. ಧೂಳು ಹೊಡೆಯಲು ನಾನೇ? ನನ್ನ ಹರುಕು ಮರಾಠಿಯಲ್ಲೇ ಜಗಳಕ್ಕೆ ನಿಂತೆ: ಬೋರ್ಡಿಗೆ ಬೇಕಾದದ್ದು ಒಂದು ಕಿವಿ, ಅದು ನನಗಿದೆ, ಕೂರಿಸಿ ನೋಡಿ.

ಅವರೂ ಹಟದವರೇ. ಮರುದಿನ ಬೆಳಗಿನ ಗದ್ದಲದ ಹೊತ್ತಿನಲ್ಲೇ ಕೂರಿಸಿ, ತಾವೂ ಒಂದು ಹೆಡ್‌ಸೆಟ್ಟು ಹಾಕಿಕೊಂಡು ಹಿಂದೆ ಕೂತರು. ನಾಸಿಕ್, ಮುಂಬಯಿ, ಖುಲ್ತಾಬಾದ್, ಒಂದು ಕರೆಯೂ ತಪ್ಪಲಿಲ್ಲ. ಊಟದ ಹೊತ್ತಿಗೆ ಎದ್ದು, "ಬಸಾ ಬಾಯಿ, ಇಥೇಚ್ ಬಸಾ," ಇಲ್ಲೇ ಕೂಡಿರಮ್ಮ ಎಂದು ಹೊರಟುಹೋದರು.

ಎಡಗಡೆಯಿಂದ ವಿಜಾಪುರದ ಹುಡುಗಿ ನಗುತ್ತ ಏನೋ ಹೇಳುತ್ತಿದ್ದಳು. ತುಟಿ ಅಲ್ಲಾಡುವುದು ಮಾತ್ರ ಕಂಡಿತು.

"ಈ ಕಡೆ ಬಂದು ಹೇಳು," ಎಂದೆ, ಎಲ್ಲರಿಗೂ ಕೇಳುವಂತೆ. "ಆ ಕಿವಿ ಹೋತವಾ. ಇನ್ನ ಬರಂಗಿಲ್ಲ."

ಗಂಡನಿಗೂ ಅದುವರೆಗೆ ಹಾಗೆ ಹೇಳಿರಲಿಲ್ಲ. ಅಳು ಒತ್ತರಿಸಿ ಬಂತು, ಅತ್ತುಬಿಟ್ಟೆ. ಅಷ್ಟರಲ್ಲಿ ಬೋರ್ಡಿನ ಮೇಲೆ ನಾಸಿಕ್ ಕರೆಯ ದೀಪ ಹತ್ತಿತು. ಸೆರಗಿನಿಂದ ಮುಖ ಒರೆಸಿಕೊಂಡು, ಹಲೋ ಎಂದೆ.