ಕಡಲ ರಸ್ತೆಯ ಕೊನೆಯ ಅಂಗಡಿ

ಕಡಲ ದಂಡೆಯ ರಸ್ತೆಯಲ್ಲಿ ಕೊನೆಗೆ ಉಳಿದದ್ದು ಕ್ಷೌರದ ಅಂಗಡಿ ಒಂದೇ. ಎರಡು ಕುರ್ಚಿ, ಅಂಚು ಕಪ್ಪಾದ ಕನ್ನಡಿ, ಹಿಂಬದಿಯಲ್ಲಿ ಕ್ಷೌರಿಕನೂ ಅವನ ಹೆಂಡತಿಯೂ ಸಂಸಾರ ಹೂಡಿದ ಕೋಣೆ. ಮದುವೆಯಾದ ಹೊಸದರಲ್ಲಿ ಆ ಕೋಣೆಯಿಂದ ನೀರಿನ ತನಕ ಹೋಗಿಬರಲು ಅರ್ಧ ಗಂಟೆ ಹಿಡಿಯುತ್ತಿತ್ತು. ಈಗ ಹಿಂಬಾಗಿಲು ತೆರೆದರೆ ನೊರೆ ಹೊಸ್ತಿಲಿಗೇ ಬರುತ್ತಿತ್ತು.

ಕತ್ತರಿಗಿಂತ ನಾಲಿಗೆ ಚುರುಕೆಂದು ಊರವರು ಅವನಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದರು. ಎರಡು ವರ್ಷದಿಂದ ಆ ರೇಡಿಯೋದಲ್ಲಿ ಕಡಲಿನ ಸುದ್ದಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲ.

“ಮೀನಿನ ಗೋದಾಮು ಹೋಯ್ತು, ಸ್ಮಶಾನದ ಕಾಂಪೌಂಡೂ ಹೋಯ್ತು. ದಡಕ್ಕೆ ಕಲ್ಲು ಹಾಕ್ಸಿ ಅಂತ ಅರ್ಜಿ ಬರ್ದಿದ್ದೀನಿ. ಒಂದು ಸಹಿ ಹಾಕಿ ಮೇಷ್ಟ್ರೇ.”

ಕೆನ್ನೆಗೆಲ್ಲ ಸೋಪು ಮೆತ್ತಿಸಿಕೊಂಡಿದ್ದ ಮೇಷ್ಟ್ರು ಕಣ್ಣು ಕೂಡ ತೆರೆಯಲಿಲ್ಲ. “ಹಾಕೋಣಂತೆ. ಮೊದ್ಲು ಮೀಸೆ ಸಮ ಮಾಡು. ನಿನ್ನೆ ಮ್ಯಾಚ್ ನೋಡಿದ್ಯಾ?”

ಹಾಗೂ ಹೀಗೂ ಮೂವತ್ತು ಸಹಿಯಾದವು. ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾಲೂಕು ಕಚೇರಿಗೆ ಹೋದ. ಅಲ್ಲಿದ್ದ ಗುಮಾಸ್ತ, ಚಿಕ್ಕಂದಿನಲ್ಲಿ ಇವನ ಕತ್ತರಿ ಕಂಡರೆ ರಂಪ ಮಾಡುತ್ತಿದ್ದವನೇ.

“ಅಣ್ಣಾ, ಆ ರಸ್ತೇಲಿ ಈಗ ಎಷ್ಟು ಮನೆ ಇದೆ?”

“ನಂದೊಂದೇ.”

“ಒಂದು ಮನೆಗೆ ಯಾರು ಕಲ್ಲು ಹಾಕಿಸ್ತಾರೆ ಹೇಳು?”

“ಹದಿನೇಳು ಮನೆ ಇದ್ದಾಗ್ಲೂ ಬಂದಿದ್ನಲ್ಲಪ್ಪಾ.”

“ಆಗ ಕಡಲು ದೂರ ಇತ್ತಲ್ಲಣ್ಣಾ.”

ಅವನು ಅರ್ಜಿಯನ್ನು ಮೇಜಿನ ಮೇಲಿಟ್ಟು, ಗಾಳಿಗೆ ಹಾರದಿರಲೆಂದು ಅಲ್ಲಿದ್ದ ಲೋಟವನ್ನು ಅದರ ಮೇಲೆ ಇರಿಸಿ ಬಂದ.

ಮುಂದಿನ ಭಾನುವಾರ ಬೆಳಿಗ್ಗೆ ಉಬ್ಬರದ ಹೊತ್ತಿಗೆ ಹಿಂದಿನ ಗೋಡೆ ಕುಸಿಯಿತು. ಪಾತ್ರೆ, ಹಾಸಿಗೆ, ಹೆಂಡತಿಯ ಸೀರೆಗಳು ಕಣ್ಣೆದುರೇ ನೀರುಪಾಲಾದವು. ಯಾವತ್ತೂ ಬಾರದ ಜನ ಅಂದು ಸಂತೆಯಂತೆ ನೆರೆದರು, ಕೈಯಲ್ಲಿ ಮೊಬೈಲು. ಗಂಡಹೆಂಡಿರು ಒಂದು ಕುರ್ಚಿಯನ್ನು ಎಳೆದು ತರುವಾಗ ಯಾರೋ ಅಂದರು, “ಸ್ವಲ್ಪ ಪಕ್ಕಕ್ಕೆ ಬನ್ನಿ, ಬೀಳೋದು ಕಾಣ್ತಿಲ್ಲ.”

ಎಂದೂ ದನಿ ಏರಿಸದ ಹೆಂಡತಿ ಅಂದು ಚೀರಿದಳು. “ನಿಮ್ ಕೈಗೇನಾಗಿದೆ? ಬಂದು ಹಿಡೀಬಾರ್ದಾ!”

ಇಬ್ಬರು ಬಂದರು. ಕನ್ನಡಿ ಉಳಿಯಿತು. ಇನ್ನೊಂದು ಕುರ್ಚಿಗೆ ಹೋಗುವಷ್ಟರಲ್ಲಿ ಹೆಂಚಿನ ಮಾಡೇ ಕುಸಿದು ಕೂತಿತ್ತು.

ಈಗ ಊರೊಳಗೆ, ಹೆಂಡತಿಯ ತಮ್ಮನ ಟೈರ್ ಅಂಗಡಿಯ ಮೂಲೆಯಲ್ಲಿ ಅವನ ಕೆಲಸ. ಮೊದಲ ವಾರವೇ ಆ ತಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದ. “ಭಾವ, ಬೇಜಾರು ಮಾಡ್ಕೋಬೇಡಿ. ಗಿರಾಕಿಗಳ ಹತ್ರ ಆ ಕಡಲಿನ ವಿಷ್ಯ ಎತ್ಬೇಡಿ. ಬೆಳಿಗ್ಗೆ ಬೆಳಿಗ್ಗೆ ಯಾಕೆ ಈ ಗೋಳು ಅಂತಾರೆ.”

ಅವನು ತಲೆಯಾಡಿಸಿದ. ಯಾರೇ ಬಂದು ಕೂತರೂ ಬಟ್ಟೆ ಹೊದಿಸಿ ಒಂದೇ ಮಾತು ಕೇಳುತ್ತಾನೆ: “ಪೂರ್ತಿ ಸಣ್ಣಗಾ, ಇಲ್ಲ ಮೀಡಿಯಮ್ಮಾ?”