ಹೆಮ್ಮಿಗೆಯ ಬೆಂಡೆಗಿಡಕ್ಕೆ ನಾನು ಕೊಟ್ಟ ಚಿಕಿತ್ಸೆ

ಹುಳದಿಂದ ಹರಡುವ ರೋಗವನ್ನು ಎಲೆ ಮುಟ್ಟಿಯೇ ಹೇಳುವ ಮನುಷ್ಯ ನಂಜನಗೂಡಿನಿಂದ ನರಸೀಪುರದವರೆಗೆ ನಾನೊಬ್ಬನೇ. ಅದು ಸುಳ್ಳು ಬಿಡಿ, ಟೀ ಕುಡೀತಾ ಕೇಳಿ, ನಾನು ಔಷಧಿ ಹೊಡೆಯೋ ಪಂಪ್ ರಿಪೇರಿಯವನು. ಹೆಮ್ಮಿಗೆಯ ಒಂದು ಮನೆಯಲ್ಲಿ ಪಂಪ್ ಬಿಚ್ಚಿ ಕೂತು ಇದೇ ಜಂಬ ಕೊಚ್ಚುತ್ತಿದ್ದಾಗ ಮನೆಯ ಯಜಮಾನ ಸಿದ್ದಪ್ಪ ಮೆಲ್ಲಗೆ ಕೇಳಿದ, "ಸಾ, ಇತ್ಲಲ್ಲಿ ಒಂದ್ ಗಿಡ ಮುರುಟ್ಕತಾ ಅದೆ, ವಸಿ ನೋಡ್ತೀರಾ?"

ಬೆರಳು ಚಾಚಿದಂಥ ಎಲೆ ಕಂಡು ಬೆಂಡೆಯೇ ಅಂದುಕೊಂಡು ತಿರುವಿದೆ, ಅಡಿಯಲ್ಲಿ ಬಿಳಿನೊಣ ಮುತ್ತಿತ್ತು. "ಬೆಂಡೆಗೆ ಬರೋ ನಂಜುರೋಗ ಕಣಯ್ಯ. ಈ ನೊಣಾನೇ ಹರಡೋದು, ಮದ್ದಿಲ್ಲ. ಕಿತ್ತು ಸುಡಬೇಕು."

"ಸುಡೋದ್ ಬ್ಯಾಡಿ ಸಾ, ಊತಾಕ್ತೀನಿ," ಎಂದು ಗೋಗರೆದ. ತಜ್ಞ ಕೇಳುತ್ತಾನೆಯೇ? ನಾನೇ ಕಿತ್ತು, ಒಣಹುಲ್ಲು ಹಾಕಿ ಬೆಂಕಿ ಹಚ್ಚಿದೆ.

ಹೊಗೆ ಬೀದಿಗಿಳಿದ ಮೇಲಷ್ಟೇ ನನ್ನ ಮೂಗಿಗೆ ಗೊತ್ತಾಯಿತು, ಅದು ಗಾಂಜಾ. ಸಿದ್ದಪ್ಪ ಆಗಲೇ ಬೆವೆತುಹೋಗಿದ್ದ. ಅಷ್ಟರಲ್ಲಿ ಪೊಲೀಸಿನವನೊಬ್ಬ ಬೈಕ್ ನಿಲ್ಲಿಸಿ ಹಿತ್ತಲಿಗೇ ಬಂದ.

"ಏನ್ರೀ ಸುಡ್ತಿರೋದು?"

"ಬಿಳಿನೊಣದ ರೋಗ ಸಾ," ಎಂದೆ.

ಅವನು ಬೂದಿ ನೋಡಿದ, ಕಣ್ಮುಚ್ಚಿ ದೀರ್ಘವಾಗಿ ಉಸಿರೆಳೆದ. "ಚೆನ್ನಾಗಿ ಉರೀಲಿ. ರೋಗ ಪೂರ್ತಿ ಹೋಗೋವರ್ಗೂ ನಾನಿಲ್ಲೇ ನಿಂತಿರ್ತೀನಿ."

ಸಿದ್ದಪ್ಪ ಜೈಲು ತಪ್ಪಿಸಿಕೊಂಡ. ನನಗೆ ಮಾತ್ರ ರಿಪೇರಿ ಕೂಲಿ ಕೊಡಲಿಲ್ಲ, ಅದೂ ನ್ಯಾಯವೇ. ಅದಕ್ಕೇ ಹೇಳ್ತಿರೋದು, ಈ ಟೀ ದುಡ್ಡು ನೀವೇ ಕೊಟ್ಟುಬಿಡಿ.