ಹೂಂ ಅನ್ನಬೇಕಾದವಳು

ತವರಿಗೆ ಹೋಗುತ್ತೇನೆ ಅಂದಿದ್ದಕ್ಕೆ ನನ್ನ ತಂಗಿಯ ಮೇಲೆ ಅವಳ ಗಂಡ ಪೆಟ್ರೋಲ್ ಸುರಿದು ಕಡ್ಡಿ ಗೀರಿದ. ಯಲಬುರ್ಗಾ ಹತ್ತಿರದ ಊರು, ಹಾಡಹಗಲು. ಅವಳು ರೊಟ್ಟಿ ಬಡಿಯುತ್ತಿದ್ದಳಂತೆ. ನೆರೆಯವರು ಒದ್ದೆ ಗೋಣಿಚೀಲ ಹೊದಿಸಿ ಆರಿಸಿದರು. ನಾನು ಗಂಗಾವತಿಯಿಂದ ಕೊಪ್ಪಳದ ಆಸ್ಪತ್ರೆಗೆ ಓಡಿ ಬಂದಾಗ ಕುತ್ತಿಗೆಯಿಂದ ಹೊಟ್ಟೆಯವರೆಗೆ ಅವಳಿಗೆ ತೊಗಲೇ ಇರಲಿಲ್ಲ. ಪಟ್ಟಿ ಬದಲಿಸುವಾಗ ಅವಳು ಚೀರಿದರೆ ಅಪ್ಪ ಹೊರಗೆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಗಂಡ ಮಾತ್ರ ಸ್ಟೋವ್ ಸಿಡಿಯಿತೆಂದು ಹೇಳಿಕೊಂಡು ತಿರುಗುತ್ತಿದ್ದ.

ಡಾಕ್ಟರು ಒಂದು ದಾರಿ ಹೇಳಿದರು. ಅವಳ ತೊಡೆಯಿಂದ ಅಂಚೆಚೀಟಿಯಷ್ಟು ತೊಗಲು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ ಗಾಯಕ್ಕೆ ಹಚ್ಚುವುದು. ಒಂದು ಔಷಧ ಕಂಪನಿ ನಡೆಸುತ್ತಿದ್ದ ಆ ಚಿಕಿತ್ಸೆ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು.

"ಒಪ್ಪಿಗಿ ಬೇಕು. ಗಂಡ ಎಲ್ಲಿ ಅದಾನ?" ಎಂದು ಅವರ ಸಹಾಯಕ ವರಾಂಡದಲ್ಲಿ ಕೇಳಿದ.

ಅವನು ಅಲ್ಲೇ ಬಂದು ನಿಂತಿದ್ದ. "ನಾನ ಗಂಡ ಅದೀನ್ರಿ. ಮಾಡ್ರಿ. ಆಕಿ ಉಳದ್ರ ನನಗೂ ಛಲೋ."

ಅಪ್ಪ ಕೈಯಲ್ಲಿದ್ದ ಊಟದ ಡಬ್ಬಿಯಿಂದಲೇ ಅವನ ಬಾಯಿಗೆ ಬಾರಿಸಿದ. ಹಲ್ಲು ಮುರಿದು ರಕ್ತ ಅಂಗಿಗೆ ಇಳಿಯಿತು. ಕೆಡವಿ ಗಂಟಲು ಹಿಸುಕುತ್ತಿದ್ದ ಅಪ್ಪನನ್ನು ಜನ ಸೇರಿ ಎಳೆದರು. ನಾನು ಬಿಡಿಸಲು ಹೋಗಲಿಲ್ಲ.

ಒಳಗಿನಿಂದ ತಂಗಿ ಕೂಗಿದಳು: "ಅಕ್ಕಾ, ತೊಗಲು ನಂದೈತಿ. ನನ್ನ ಕೇಳ್ರಿ ಅಂತ ಹೇಳ ಅವರಿಗೆ!"

ಡಾಕ್ಟರು ಅವಳ ಪಕ್ಕ ಕೂತು ನೋವು, ಅಪಾಯ ಎಲ್ಲ ಹೇಳಿದರು.

"ಬೆಳಸಿ ಉಳದದ್ದು ಏನ ಮಾಡ್ತೀರಿ?"

"ಇಟ್ಕೋತೀವಿ. ಮುಂದ ಬ್ಯಾರೆ ಸುಟ್ಟವರ ಔಷಧಕ್ಕ ಬರತೈತಿ."

"ಮಾರ್ತಾರೇನ್ರಿ?"

"ಕಂಪನಿಯವರು ಮಾರಬಹುದವ್ವಾ. ತಡಿಯೂದು ನನ್ನ ಕೈಯಾಗಿಲ್ಲ."

"ಹಂಗಾರ ನನಗ ಹಚ್ಚೂದಷ್ಟ ಬೆಳಸ್ರಿ. ಉಳದದ್ದು ಸುಟ್ಟಬಿಡ್ರಿ."

ಡಾಕ್ಟರು ಹಾಗೆಯೇ ಬರೆದುಕೊಂಡು ಅವಳ ಒಪ್ಪಿಗೆ ಪಡೆದರು.

ಕುತ್ತಿಗೆಗೆ ಹಚ್ಚಿದ್ದು ಹತ್ತಿತು. ಎದೆಯದು ಕೀವು ತುಂಬಿ ಕಿತ್ತುಬಂತು. ಅವಳು ಪೊಲೀಸರಿಗೆ ಕೊಟ್ಟ ಹೇಳಿಕೆಯಿಂದ ಗಂಡ ಜೈಲು ಸೇರಿದ. ಅಪ್ಪನ ಮೇಲೂ ಕೇಸಾಯಿತು.

ನಾವಿನ್ನೂ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚಕ್ಕೆ ಕುಷ್ಟಗಿ ಕಡೆಯ ಹೆಂಗಸೊಬ್ಬಳು ಬಂದಳು. ಅವಳ ಮೈಮೇಲೆ ಕತ್ತರಿಸಿ ತೆಗೆಯುವಂಥ ಒಳ್ಳೆಯ ತೊಗಲೇ ಉಳಿದಿರಲಿಲ್ಲ. ಚೀರಿ ಚೀರಿ ಸತ್ತಳು. "ಇಂಥವರಿಗೇ ನೋಡ ಅವರು ನಿನ್ನ ಉಳದ ತೊಗಲು ಕೇಳಿದ್ದು" ಅಂದೆ.

ತಂಗಿ ಸ್ಟೀಲ್ ಲೋಟ ಎತ್ತಿ ನನ್ನ ಮುಖಕ್ಕೆ ಒಗೆದಳು. ಹುಬ್ಬು ಒಡೆಯಿತು.

"ಆಕಿಗೆ ಕೊಡ್ರಿ ಅಂದಿದ್ರ ಕೊಡ್ತಿದ್ನಿ. ಮಾರಾಕ ಯಾಕ ಕೊಡ್ಲಿ?"

ಈಗ ಅವಳು ನನ್ನ ಮನೆಯಲ್ಲೇ ಇದ್ದಾಳೆ, ಬಟ್ಟೆ ಹೊಲಿಯುತ್ತಾಳೆ. ಆ ಹೆಂಗಸಿನ ಸುದ್ದಿಯನ್ನು ನಾವಿಬ್ಬರೂ ಎತ್ತುವುದಿಲ್ಲ.